ಶನಿವಾರದ ಮಾತ್ರೆ

"ಗಂಜಿಗೆ ಹಾಕಿದೆ," ಎಂದರು ಸೈಮಿಯಮ್ಮ. "ದಿನಾ ಬೆಳಿಗ್ಗೆ. ಪುಡಿ ಮಾಡಿ ಬೆಣ್ಣೆ ಕೆಳಗೆ ಬಚ್ಚಿಟ್ಟೆ."

ಹೇಳುವಾಗ ಅವರ ಕೈ ನಿಲ್ಲಲಿಲ್ಲ. ಆಲೂಗಡ್ಡೆಯ ಸಿಪ್ಪೆ ಸುರುಳಿಯಾಗಿ ಮೇಜಿನ ಮೇಲೆ ಬೀಳುತ್ತಿತ್ತು. ಪಾತ್ರೆಯಲ್ಲಿ ಇಬ್ಬರಿಗಾಗುವಷ್ಟು ಆಲೂಗಡ್ಡೆ ಇತ್ತು. ಮನೆಯಲ್ಲಿ ಈಗ ಇರುವುದು ಅವರೊಬ್ಬರೇ.

ನಾನು ಪೆನ್ನು ಕೆಳಗಿಟ್ಟೆ. ಇಷ್ಟು ವರ್ಷ ಪೊಲೀಸ್ ಕೆಲಸ ಮಾಡಿದ ಮೇಲೆ ಇಂಥ ಮಾತು ಕೇಳಿ ಎದೆ ಧಸಕ್ಕೆನ್ನುವುದಿಲ್ಲ. ಏನೂ ಅನ್ನಿಸುವುದಿಲ್ಲ. ಏನಾದರೂ ಅನ್ನಿಸಲಿ ಎಂದು ಕಾಯುತ್ತಾ ಕೂತಿರುತ್ತೇನೆ, ಅಷ್ಟೇ.

ಸೈಮಿಯಮ್ಮನ ಗಂಡ ಓಸ್ಮೋ ಕಳೆದ ಶನಿವಾರ ಸೌನಾದ ಬಿಸಿಹಬೆಯಿಂದ ಹೊರಗೆ ಬಂದವರು ಸರೋವರದ ದಂಡೆಯಲ್ಲೇ ಕುಸಿದಿದ್ದರು. ಆಸ್ಪತ್ರೆಗೆ ಸೇರಿಸಿದ ಮೇಲೆ ಹೃದಯದ ಲಯ ತಪ್ಪಿ ತೀರಿಕೊಂಡರು. ರಕ್ತದಲ್ಲಿ ಪೊಟ್ಯಾಸಿಯಂ ತಳ ಕಂಡಿತ್ತು, ಇದು ತಾನಾಗಿ ಆಗುವಂಥದ್ದಲ್ಲ ಎಂದು ಡಾಕ್ಟರೇ ನಮಗೆ ಫೋನ್ ಮಾಡಿದ್ದರು.

"ಯಾವ ಮಾತ್ರೆ ಸೈಮಿಯಮ್ಮ?"

"ಅವನದೇ. ಬೀಪಿಗೆ ಅಂತ ಕೊಟ್ಟಿದ್ರಲ್ಲ, ನೀರು ಇಳಿಸೋ ಮಾತ್ರೆ."

"ಅದನ್ನ ಅವರೇ ದಿನಾ ನುಂಗ್ತಿರಲಿಲ್ವಾ?"

"ಶನಿವಾರ ನುಂಗ್ತಿರಲಿಲ್ಲ. ಸಾಯಂಕಾಲ ಸೌನಾ ಇದೆ, ಬೆವರಲ್ಲೇ ನೀರೆಲ್ಲ ಇಳಿದುಹೋಗುತ್ತೆ, ಇನ್ನು ಮಾತ್ರೆಗೇನು ಕೆಲಸ ಅಂತಿದ್ದ."

ಇದನ್ನು ಕೇಳಿ ನಮ್ಮೂರಲ್ಲಿ ಯಾರೂ ನಗುವುದಿಲ್ಲ. ಈ ಸರೋವರದ ಸುತ್ತ ಅರ್ಧ ಗಂಡಸರ ವೈದ್ಯಶಾಸ್ತ್ರ ಇಷ್ಟೇ. ಸೌನಾದಲ್ಲಿ ವಾಸಿಯಾಗದ್ದು ಸ್ಮಶಾನದಲ್ಲೇ ವಾಸಿಯಾಗಬೇಕು ಎಂದು ನನ್ನಪ್ಪನೂ ಹೇಳುತ್ತಿದ್ದ.

"ನುಂಗದೆ ಇದ್ದಿದ್ದನ್ನ ಬಿಸಾಡ್ತಿದ್ರಾ?"

"ಓಸ್ಮೋನಾ? ಬಾಗಿದ ಮೊಳೆನೂ ಬಿಸಾಡದೋನು ಕಣಮ್ಮ ಅವನು. ಸೌನಾ ಕಿಟಕಿ ಮೇಲೆ ಬೆಂಕಿಪೊಟ್ಟಣದಲ್ಲಿ ಕೂಡಿಡ್ತಿದ್ದ."

"ನಿಮಗೆ ಹೇಗೆ ಸಿಕ್ತು?"

"ರೌನೋ ಹೇಳಿದ. ಪಕ್ಕದ ಮನೆ ರೌನೋ. ಶನಿವಾರ ಶನಿವಾರ ಇಬ್ಬರೂ ಒಟ್ಟಿಗೇ ಸೌನಾಗೆ ಹೋಗೋರಲ್ಲ, ಕಣ್ಣಿಗೆ ಬಿದ್ದಿರುತ್ತೆ. ಹೀಗೆ ಮಾತ್ರೆ ಬಿಟ್ರೆ ನಿನ್ನ ಗಂಡಂಗೆ ಲಕ್ವ ಹೊಡೆಯೋದು ಗ್ಯಾರಂಟಿ ಸೈಮಿ ಅಂದ." ಸೈಮಿಯಮ್ಮ ಚಾಕು ಒರೆಸಿದರು. "ಓಸ್ಮೋನ ಅಣ್ಣಂಗೂ ಅದೇ ಆಗಿದ್ದು. ಒಂದು ಕಡೆ ಮೈ ಬಿದ್ದುಹೋಯ್ತು. ಸಾಯೋವರೆಗೂ ನಾನೇ ಚಮಚದಲ್ಲಿ ತಿನ್ನಿಸಿದೆ. ಇವನಿಗೂ ಹಂಗಾಗಬಾರದು ಅಂತ, ಇವನು ಬಿಟ್ಟಿದ್ದನ್ನೆಲ್ಲ ಗಂಜಿಯಲ್ಲಿ ಸೇರಿಸಿ ಕೊಟ್ಟೆ. ಅವನಿಗೆ ಸೇರಬೇಕಾದ್ದೇ ತಾನೆ?"

"ದಿನಕ್ಕೆ ಎಷ್ಟು?"

"ಒಂದು ಹೆಚ್ಚಿಗೆ, ಕೊನೇ ವಾರ ಪೂರ್ತಿ. ಒಂದೇ. ನನಗೇನು ಬುದ್ಧಿ ಇಲ್ವಾ?"

ಬಾಗಿಲ ಹತ್ತಿರ ಒಂದು ಸಣ್ಣ ಚೀಲ ಕಟ್ಟಿಟ್ಟಿತ್ತು. ನಾನು ಅದನ್ನು ನೋಡಿದ್ದನ್ನು ಅವರು ನೋಡಿದರು.

"ಜೈಲಲ್ಲಿ ಹೆಣಿಗೆ ಕಡ್ಡಿ ಬಿಡ್ತಾರಾ?"

"ಮರದ್ದಾದ್ರೆ ಬಿಡಬಹುದು."

"ಮರದ್ದೇ ಇಟ್ಕೊಂಡಿದ್ದೀನಿ."

ಹೊರಗೆ ಬಂದು ಸಾಹೇಬರಿಗೆ ಫೋನ್ ಮಾಡಿದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ನಮ್ಮ ಸಾಹೇಬರದು. "ಒಪ್ಪಿಕೊಂಡಳಲ್ಲ ತೆಲ್ಲೆರ್ವೋ, ಇನ್ನೇನು? ಕರ್ಕೊಂಡು ಬಾ," ಎಂದರು. ನಾಳೆ ಬೆಳಿಗ್ಗೆ ಕರೆತರುತ್ತೇನೆ ಎಂದೆ. ನಾಳೆ ಬೆಳಿಗ್ಗೆಯವರೆಗೂ ಸೈಮಿಯಮ್ಮ ಈ ಮನೆಯ ಒಡತಿ. ಆಮೇಲೆ ಗಂಡನನ್ನು ಕೊಂದವಳು. ಬೇರೇನಾದರೂ ಸಿಗುವುದಿದ್ದರೆ ಇವತ್ತೇ ಸಿಗಬೇಕು.

ಒಳಗೆ ಹೋಗಿ ಮತ್ತೆ ಕೂತೆ.

"ಓಸ್ಮೋ ಆ ವಾರ ಹೇಗಿದ್ರು?"

"ಬಾಯಾರಿಕೆ ಬಾಯಾರಿಕೆ ಅಂತಿದ್ದ. ಕಾಲು ಹಿಡ್ಕೊಳ್ತಿತ್ತು. ಮೆಟ್ಟಿಲು ಹತ್ತೋಕೂ ಕಷ್ಟಪಡ್ತಿದ್ದ. ನಾನು ಅದನ್ನ ಮಾತ್ರೆ ಕೆಲಸ ಮಾಡ್ತಿದೆ ಅಂದ್ಕೊಂಡೆ."

"ನೀರು ಕುಡೀತಿದ್ರಾ?"

"ಮನೆ ನೀರು ಸಪ್ಪೆಯಂತೆ. ರೌನೋ ಮಾಡೋ ಕಲ್ಯಾನೇ ಆಗಬೇಕಿತ್ತು. ದಿನಾ ಹೋಗಿ ಕುಡಿದು ಬರ್ತಿದ್ದ."

ಕಲ್ಯಾ ಎಂದರೆ ರೈ ಧಾನ್ಯ ಹುಳಿಬರಿಸಿ ಮಾಡುವ ಪಾನೀಯ. ಅಮಲೇರುವಷ್ಟೇನೂ ಇರುವುದಿಲ್ಲ. ನಮ್ಮ ಕಡೆ ಮಜ್ಜಿಗೆ ಕೊಟ್ಟಷ್ಟೇ ಸಲೀಸಾಗಿ ಬಂದವರಿಗೆ ಕೊಡುತ್ತಾರೆ.

"ಇಬ್ಬರೂ ಚೆನ್ನಾಗಿದ್ರಾ?"

"ಮಾತಾಡ್ತಿರಲಿಲ್ಲ."

"ಜಗಳಾನಾ?"

"ಜಗಳ ಅಲ್ಲ. ಅವರು ಯಾವತ್ತು ಮಾತಾಡಿದ್ರು? ಮದುವೆ ಆದಾಗಿಂದ ನೋಡ್ತಿದ್ದೀನಿ, ಮಾತಿಲ್ಲದೆ ಸೌನಾದಲ್ಲಿ ಕೂತು ಮಾತಿಲ್ಲದೆ ಎದ್ದುಬರೋರು." ಸೈಮಿಯಮ್ಮ ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದರು. "ಆದ್ರೆ ಎಲೆ ಉದುರೋ ಕಾಲದಿಂದ ಆ ಮೌನ ಬೇರೆ ಥರ ಇತ್ತು ಕಣಮ್ಮ."

*

ರೌನೋ ಮನೆಗೆ ಸರೋವರದ ಮೇಲಿಂದಲೇ ಹೋದೆ. ಮಾರ್ಚ್ ತಿಂಗಳಾದರೂ ಮಂಜುಗಡ್ಡೆ ಇನ್ನೂ ಗಟ್ಟಿಯಾಗಿತ್ತು. ಗಾಳಿಗೆ ಮುಖ ಜೋಮು ಹಿಡಿಯಿತು. ನನ್ನೊಳಗೂ ಹಾಗೇ ಇತ್ತು, ಆದ್ದರಿಂದ ವ್ಯತ್ಯಾಸ ತಿಳಿಯಲಿಲ್ಲ.

"ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ ಅಂದ್ಕೊಂಡೆ," ಎಂದು ರೌನೋ ಬಾಗಿಲು ತೆಗೆದ. "ಬಾ, ಕಾಫಿ ಇದೆ."

ದೊಡ್ಡ ಆಳು. ಎರಡು ಮಾತಿನ ನಡುವೆ ಉಸಿರಿಗೆ ನಿಲ್ಲುತ್ತಿದ್ದ. ಕಾಲಲ್ಲಿ ಉಣ್ಣೆಯ ಮನೆಚಪ್ಪಲಿ, ಅದರ ಮುಂಭಾಗವನ್ನು ಕತ್ತರಿಯಿಂದ ಸೀಳಿದ್ದ. ಪಾದ ಸೀಳಿನಿಂದ ಹೊರಗೆ ಉಬ್ಬಿತ್ತು. ಕಾಲುಚೀಲದ ಅಂಚು ಕಣಕದ ಮೇಲೆ ದಾರ ಒತ್ತಿದಂತೆ ಒಳಗೆ ಇಳಿದಿತ್ತು. ವಯಸ್ಸಾಯಿತು, ಪಾಪ, ಎಂದುಕೊಂಡೆ.

ಮಂಚದ ಹಾಸಿಗೆ ಸುಕ್ಕಿಲ್ಲದೆ ಹಾಸಿತ್ತು. ದಿಂಬುಗಳೆಲ್ಲ ಆರಾಮಕುರ್ಚಿಯಲ್ಲಿದ್ದವು. ರಾತ್ರಿ ಮಲಗುವುದು ಅಲ್ಲೇ ಇರಬೇಕು. ಒಲೆಯ ಪಕ್ಕ ಬಟ್ಟೆ ಮುಚ್ಚಿದ ಬಕೆಟ್ಟಿನಿಂದ ಕಲ್ಯಾದ ಹುಳಿ ವಾಸನೆ ಬರುತ್ತಿತ್ತು.

ಕಾಫಿ ಸುರಿದ, ಏಲಕ್ಕಿ ಬನ್ನು ಮುಂದಿಟ್ಟ.

"ಬೆಂಕಿಪೊಟ್ಟಣದ ವಿಷಯ ಸೈಮಿಯಮ್ಮನಿಗೆ ಹೇಳಿದ್ದು ನೀವೇನಾ?"

"ನಾನೇ. ತಪ್ಪಾ?"

"ಓಸ್ಮೋಗೇ ಹೇಳಬಹುದಿತ್ತಲ್ಲ."

"ಓಸ್ಮೋಗಾ? ಸೌನಾದ ಕಾದ ಕಲ್ಲಿಗೆ ಹೇಳಿದ್ರೆ ಕಲ್ಲಾದ್ರೂ ಬುಸ್ ಅನ್ನುತ್ತೆ."

"ಬಿಟ್ಟ ಮಾತ್ರೆನೆಲ್ಲ ತಿರುಗಿ ಕೊಡು ಅಂತಾನೂ ನೀವೇ ಹೇಳಿದ್ರಾ?"

"ಸೈಮಿ ಹಾಗಂದ್ಲಾ?"

"ನಾನು ಕೇಳ್ತಿದ್ದೀನಿ."

ರೌನೋ ಬನ್ನನ್ನು ಮುರಿದು ಕಾಫಿಯಲ್ಲಿ ಅದ್ದಿದ. "ಅವಳೇ ಕೇಳಿದ್ಲು, ಬಿಟ್ಟಿದ್ದನ್ನ ಈಗ ಕೊಟ್ರೆ ನಡೆಯುತ್ತಾ ಅಂತ. ನಾನೇನು ಡಾಕ್ಟ್ರಾ? ನಡೆಯಬಹುದು ಅಂದೆ."

"ಡಾಕ್ಟ್ರಲ್ಲ ಅಂತ ಗೊತ್ತಿದ್ದೂ?"

"ನೋಡಮ್ಮ, ನಾನೂ ಮಾತ್ರೆ ನುಂಗೋನೇ. ನಂದು ಬೀಪಿ ಅಲ್ಲ, ಎದೆ. ಪಂಪು ಸವೆದಿದೆ ಅಂತಾರೆ. ಕೊಟ್ಟ ಮಾತ್ರೆ ಒಂದು ದಿನಾನೂ ತಪ್ಪಿಸಿಲ್ಲ. ಬೇಕಾದ್ರೆ ಅಂಗಡಿಯಲ್ಲಿ ವಿಚಾರಿಸು, ಡಬ್ಬಿ ಮುಗಿದ ತಕ್ಷಣ ಹೋಗಿ ತರ್ತೀನಿ. ಓಸ್ಮೋ ಥರ ಕೂಡಿಡೋ ಬುದ್ಧಿ ನಂಗಿಲ್ಲ."

ನಾನು ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿ ನೋಡಿಕೊಂಡಂತೆ ಇತ್ತು ಅವನ ಮಾತು. ಆದರೂ ಅದರಲ್ಲಿ ಹಿಡಿಯುವಂಥದ್ದು ಏನಿದೆ ಎಂದು ಹೊಳೆಯಲಿಲ್ಲ.

"ಎಲೆ ಉದುರೋ ಕಾಲದಲ್ಲಿ ನಿಮ್ಮಿಬ್ಬರ ಮಧ್ಯೆ ಏನಾಯ್ತು?"

ಬಾಯಿಗೆ ಹೋಗುತ್ತಿದ್ದ ಬನ್ನು ಅಲ್ಲೇ ನಿಂತಿತು. ನೆನೆದ ತುಂಡು ಕಳಚಿ ಲೋಟದೊಳಗೆ ಬಿತ್ತು.

"ಏನೂ ಆಗಿಲ್ಲ. ಹಿಮ ಬೇಗ ಬಿತ್ತು."

"ಅಷ್ಟೇನಾ?"

"ನಲವತ್ತು ವರ್ಷದ ಸ್ನೇಹ ಕಣಮ್ಮ. ಅದರಲ್ಲಿ ಪೊಲೀಸ್ನೋರು ನೋಡುವಂಥದ್ದು ಏನೂ ಇಲ್ಲ."

"ಸ್ನೇಹ ಕೆಟ್ಟಿದ್ರೂ ದಿನಾ ಇಲ್ಲೇ ಬಂದು ಕುಡೀತಿದ್ರಂತೆ ಓಸ್ಮೋ."

"ಕೆಟ್ಟಿತ್ತು ಅಂತ ಯಾರಂದ್ರು?" ರೌನೋ ಉಸಿರು ಎಳೆದುಕೊಂಡ. "ಬಾಯಾರಿ ಬಂದೋನಿಗೆ ಇಲ್ಲ ಅನ್ನೋಕಾಗುತ್ತಾ? ಕುಡಿದಷ್ಟೂ ಬಾಯಾರಿಕೆ ಅಂತಿದ್ದ. ಕುಡಿಯೋದು, ಹೊರಗೆ ಓಡೋದು, ಮತ್ತೆ ಬಂದು ಕುಡಿಯೋದು. ನನ್ನ ಹಿತ್ತಲ ಹಿಮ ಎಲ್ಲ ಹಳದಿ ಮಾಡಿಹೋದ ಪುಣ್ಯಾತ್ಮ."

ನಗುವ ಮಾತು. ಅವನೂ ನಗಲಿಲ್ಲ, ನಾನೂ ನಗಲಿಲ್ಲ.

"ಸೈಮಿನ ಕರ್ಕೊಂಡು ಹೋಗ್ತೀಯಾ?" ಎಂದು ಕೇಳಿದ.

"ನಾಳೆ."

"ಪಾಪ. ಏನಾದ್ರೂ ತಿಂದ್ಲಾ?"

"ಓಸ್ಮೋ ಹೋದಾಗಿಂದ ಸರಿಯಾಗಿ ತಿಂದೇ ಇಲ್ಲ. ನೀರೂ ಮುಟ್ಟಿಲ್ಲ ಅನ್ಸುತ್ತೆ."

ಅವನು ಕುರ್ಚಿಯ ತೋಳು ಹಿಡಿದು ಎದ್ದ. ಕಾಲೆಳೆಯುತ್ತಾ ಜಗಲಿಗೆ ಹೋಗಿ ಒಂದು ಬಾಟಲಿ ತಂದ. ಕಂದು ಬಣ್ಣದ ಕಲ್ಯಾ ಕತ್ತಿನವರೆಗೂ ತುಂಬಿತ್ತು.

"ಇದನ್ನ ಕೊಡು. ಸಕ್ಕರೆ ಜಾಸ್ತಿ ಹಾಕಿದ್ದೀನಿ, ಸ್ವಲ್ಪ ಶಕ್ತಿ ಬರಲಿ."

"ನನಗೂ ಒಂದು ಲೋಟ ಕೊಡಬಾರದಾ?"

"ಬಕೆಟ್ಟಲ್ಲಿರೋದು ಇನ್ನೂ ಹುಳಿ ಬಂದಿಲ್ಲ. ನೀನು ಕಾಫಿ ಕುಡಿ."

ಕುಡಿದೆ. ಬಾಟಲಿಯನ್ನು ಕೋಟಿನೊಳಗೆ ಇಟ್ಟುಕೊಂಡು ಮಂಜುಗಡ್ಡೆಯ ಮೇಲೆ ವಾಪಸು ನಡೆದೆ. ಜಾರಿದರೆ ಒಡೆಯುತ್ತದೆ ಎಂದು ಒಂದು ಕೈ ಅದರ ಮೇಲೇ ಇತ್ತು.

*

ಸೈಮಿಯಮ್ಮ ಆಲೂಗಡ್ಡೆ ಬೇಯಿಸಿ ಎರಡು ತಟ್ಟೆ ಇಟ್ಟಿದ್ದರು. ಎರಡನೆಯದು ನನಗೋ ಓಸ್ಮೋಗೋ ಎಂದು ಕೇಳಲಿಲ್ಲ. ಕೂತು ತಿಂದೆ. ಅವರು ಉಪ್ಪುಮೀನಿನ ಒಂದು ಚೂರನ್ನು ತಟ್ಟೆಯಲ್ಲಿ ಅತ್ತಿಂದಿತ್ತ ಸರಿಸುತ್ತಿದ್ದರು.

"ರೌನೋ ಕೊಟ್ಟ," ಎಂದು ಬಾಟಲಿ ಮುಂದಿಟ್ಟೆ.

"ಯಾಕಂತೆ?"

"ನೀವು ಏನೂ ಕುಡೀತಿಲ್ಲ ಅಂತ. ನಾನೇ ಹೇಳಿದೆ. ಒಂದು ಲೋಟ ನನ್ನ ಕಣ್ಣೆದುರಿಗೇ ಕುಡೀರಿ ಸೈಮಿಯಮ್ಮ."

"ಬೇಡ ಕಣಮ್ಮ."

"ಕುಡಿಯೋವರೆಗೂ ನಾನು ಏಳಲ್ಲ."

ಕಷಾಯ ಕುಡಿಯುವಂತೆ ಕಣ್ಣು ಮುಚ್ಚಿ ಕುಡಿದರು. ಲೋಟ ಕೆಳಗಿಟ್ಟು ತುಟಿ ಒರೆಸಿಕೊಂಡರು. "ಸಿಹಿಯಾಗಿದೆ," ಎಂದರು. ಮುಖಕ್ಕೆ ಸ್ವಲ್ಪ ಬಣ್ಣ ಬಂತು. ಒಂದು ಒಳ್ಳೆಯ ಕೆಲಸ ಮಾಡಿದೆ ಎಂದು ನನಗೆ ಅನ್ನಿಸಿತು. ಆ ದಿನವಿಡೀ ನನಗೆ ಏನಾದರೂ ಅನ್ನಿಸಿದ್ದರೆ ಅದೊಂದೇ.

ಬೆಂಕಿಪೊಟ್ಟಣ ತರಲು ದಂಡೆಗೆ ಇಳಿದೆ.

ಬೆಂಕಿಯಿಲ್ಲದ ಸೌನಾ ಹೊರಗಿಗಿಂತ ಹೆಚ್ಚು ತಣ್ಣಗಿರುತ್ತದೆ. ಮೂಲೆಯಲ್ಲಿ ಮೈಗೆ ಬಡಿದುಕೊಳ್ಳುವ ಬರ್ಚ್ ಮರದ ಎಲೆಯ ಕಟ್ಟು ಒಣಗಿ ನೇತಾಡುತ್ತಿತ್ತು. ಕಿಟಕಿಯ ಮೇಲೆ ಪೊಟ್ಟಣ ಸಿಕ್ಕಿತು. ತೆರೆದೆ. ಒಳಗೆ ಸಣ್ಣ ಬಿಳಿ ಮಾತ್ರೆಗಳು ಇನ್ನೂ ಧಾರಾಳವಾಗಿದ್ದವು. ಸೈಮಿಯಮ್ಮ ಸುಳ್ಳು ಹೇಳಿರಲಿಲ್ಲ. ಕೈಗೆ ಸಿಕ್ಕಷ್ಟು ಸುರಿದಿದ್ದರೆ ಇಷ್ಟು ಉಳಿಯುತ್ತಿರಲಿಲ್ಲ.

ಫೋಟೋ ತೆಗೆದು, ಪೊಟ್ಟಣವನ್ನು ಚೀಲಕ್ಕೆ ಹಾಕಿ ಮುದ್ರೆ ಒತ್ತಿದೆ. ಆಮೇಲೆ ಮೇಲಿನ ಹಲಗೆಯ ಮೇಲೆ ಕೂತೆ. ಅಲ್ಲಿ ಎರಡು ಕಡೆ ಮರ ಸವೆದು ನುಣುಪಾಗಿತ್ತು, ಒಂದು ಓಸ್ಮೋನ ಜಾಗ, ಇನ್ನೊಂದು ರೌನೋನದು. ಯಾವುದು ಯಾರದೆಂದು ತಿಳಿಯದೆ ನಡುವೆ ಕೂತಿದ್ದೆ. ನಾಳೆ ಸೈಮಿಯಮ್ಮನನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಬೇಕು, ಸೀಟುಬೆಲ್ಟ್ ನಾನೇ ಹಾಕಬೇಕು ಎಂದು ಯೋಚಿಸುತ್ತಿದ್ದೆ. ಅಳು ಬರಬೇಕಿತ್ತು, ಬರಲಿಲ್ಲ. ಎಷ್ಟು ಹೊತ್ತು ಹಾಗೇ ಕೂತಿದ್ದೆನೋ ಗೊತ್ತಿಲ್ಲ. ಫೋನ್ ಬಂದಾಗ ಬೆರಳು ಮರಗಟ್ಟಿ ಗುಂಡಿ ಒತ್ತಲಾಗಲಿಲ್ಲ.

ಆಸ್ಪತ್ರೆಯ ಡಾಕ್ಟರ್ ಕೈಪೈನೆನ್.

"ಎಲ್ಲಿದ್ದೀಯಾ ತೆಲ್ಲೆರ್ವೋ?"

"ಸೌನಾದಲ್ಲಿ."

"ಡ್ಯೂಟಿ ಟೈಮಲ್ಲಾ?"

"ಒಲೆ ಹಚ್ಚಿಲ್ಲ. ಹೇಳಿ ಡಾಕ್ಟ್ರೇ. ಸೈಮಿಯಮ್ಮ ಬೆಂಕಿಪೊಟ್ಟಣದಿಂದ ನೀರಿಳಿಸೋ ಮಾತ್ರೆ ತೆಗೆದು ಒಂದು ವಾರ ದಿನಕ್ಕೊಂದು ಹೆಚ್ಚಿಗೆ ಗಂಜಿಗೆ ಹಾಕಿದ್ರಂತೆ, ಅದಕ್ಕೆ ಮನುಷ್ಯ ಸಾಯ್ತಾನಾ?"

"ಓಸ್ಮೋ ನುಂಗ್ತಿದ್ದದ್ದಾ? ಅದು ಸಾಧು ಮಾತ್ರೆ. ಇರೋ ಉಪ್ಪನ್ನ ಹಿಡಿದಿಟ್ಕೋಬೇಡ, ಹೊರಗೆ ಬಿಡು ಅಂತ ಕಿಡ್ನಿಗೆ ಹೇಳುತ್ತೆ. ಉಪ್ಪಿನ ಹಿಂದೆ ನೀರೂ ಹೋಗುತ್ತೆ. ಪೈಪಲ್ಲಿ ನೀರು ಕಮ್ಮಿಯಾದ್ರೆ ಒತ್ತಡ ಇಳಿಯುತ್ತಲ್ಲ, ಹಂಗೆ ಬೀಪಿ ಇಳಿಯುತ್ತೆ. ಜೊತೆಗೆ ಪೊಟ್ಯಾಸಿಯಂ ಸ್ವಲ್ಪ ಸೋರುತ್ತೆ, ಅದಕ್ಕೇ ಆಗಾಗ ರಕ್ತ ನೋಡ್ತಾ ಇರ್ತೀವಿ. ಒಂದು ವಾರ ಒಂದೊಂದು ಹೆಚ್ಚಿಗೆ ಹೋಗಿದ್ರೆ ತಲೆ ಸುತ್ತಬಹುದು, ಕಾಲು ಸೆಳೀಬಹುದು. ಓಸ್ಮೋಗೆ ಆದಷ್ಟು ಆಗೋದು ನಾನು ನಂಬಲ್ಲ."

"ಮತ್ತೆ?"

"ಅದಕ್ಕೇ ಫೋನ್ ಮಾಡಿದ್ದು. ಮೂತ್ರದಲ್ಲಿ ಇನ್ನೊಂದು ಔಷಧಿ ಸಿಕ್ಕಿದೆ. ಅದೂ ನೀರಿಳಿಸೋದೇ, ಆದ್ರೆ ಅದರಪ್ಪ. ಹೃದಯ ಸೋತು ಕಾಲಲ್ಲಿ ನೀರು ತುಂಬಿದೋರಿಗೆ ಕೊಡೋದು. ಓಸ್ಮೋಗೆ ನಾವು ಅದನ್ನ ಬರೆದೇ ಇಲ್ಲ. ಆಂಬುಲೆನ್ಸಲ್ಲೂ ಕೊಟ್ಟಿಲ್ಲ, ವಿಚಾರಿಸಿದೆ. ಯಾರೋ ದಿನಾ ಕುಡಿಸಿದ್ದಾರೆ, ಅದೂ ಬೇಕಾಬಿಟ್ಟಿ. ಎರಡೂ ಸೇರಿ ತೊಟ್ಟಿಯ ಬಿರಡೆ ಕಿತ್ತ ಹಾಗಾಗಿದೆ, ಅದರ ಮೇಲೆ ಸೌನಾದ ಬೆವರು ಬೇರೆ."

"ಹಾಗಾದ್ರೆ ಸೈಮಿಯಮ್ಮ ಕೊಂದಿಲ್ಲ."

"ಅವಳು ಗಂಜಿಗೆ ಹಾಕಿದ್ದು ಬೆಂಕಿಪೊಟ್ಟಣದ್ದೇ ಆದ್ರೆ, ಅದರಿಂದ ಸತ್ತಿಲ್ಲ."

ಹಲಗೆ ಹಿಡಿದುಕೊಂಡೆ. ಎದೆಯಲ್ಲಿ ಏನೋ ಕದಲಿತು. ಸಂತೋಷ ಎಂದು ಅದನ್ನು ಗುರುತು ಹಿಡಿಯುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಅದು ನೆಲೆಯಾಗುವ ಮೊದಲೇ ಕತ್ತರಿಯಿಂದ ಸೀಳಿದ ಒಂದು ಜೊತೆ ಚಪ್ಪಲಿ ಕಣ್ಣ ಮುಂದೆ ಬಂತು.

"ಡಾಕ್ಟ್ರೇ, ಆ ಜೋರು ಮಾತ್ರೆನ ದಿನಾ ನುಂಗೋರ ಕಾಲು ಹೇಗಿರುತ್ತೆ?"

"ಇಳಿದಿರುತ್ತೆ. ಹಳೇ ಚಪ್ಪಲಿ ಸಡಿಲ ಆಗಿರುತ್ತೆ."

"ಚಪ್ಪಲಿ ಕತ್ತರಿಸಬೇಕಾದಷ್ಟು ಊದಿದ್ರೆ? ಮಲಗಿದ್ರೆ ಉಸಿರಾಡೋಕಾಗ್ದೆ ಕುರ್ಚಿಯಲ್ಲೇ ನಿದ್ದೆ ಮಾಡ್ತಿದ್ರೆ?"

"ರೋಗ ಜಾಸ್ತಿಯಾಗಿರಬಹುದು. ಆದ್ರೆ ನಾನಾದ್ರೆ ಮೊದಲು ಕೇಳೋದು, ಮಾತ್ರೆ ನುಂಗ್ತಿದ್ದೀಯಾ ಇಲ್ವಾ ಅಂತ."

ರೌನೋ ತಪ್ಪದೆ ಮಾತ್ರೆ ಕೊಳ್ಳುತ್ತಿದ್ದ. ಆದರೆ ಅವು ಅವನ ಹೊಟ್ಟೆಗೆ ಹೋಗುತ್ತಿರಲಿಲ್ಲ. ದಿನಾ ಬಾಯಾರಿ ಬರುತ್ತಿದ್ದ ಓಸ್ಮೋನ ಲೋಟಕ್ಕೆ ಹೋಗುತ್ತಿದ್ದವು. ಕುಡಿದಷ್ಟೂ ಬಾಯಾರಿಕೆ, ಬಾಯಾರಿದಷ್ಟೂ ಅದೇ ಕಲ್ಯಾ. ಗಂಜಿಯ ದಾರಿಯನ್ನು ಸೈಮಿಯಮ್ಮನಿಗೆ ತೋರಿಸಿಕೊಟ್ಟವನೂ ಅವನೇ, ತಪ್ಪು ಹೊರುವುದಕ್ಕೆ ಒಂದು ತಲೆ ಬೇಕಿತ್ತಲ್ಲ. ಯಾಕೆ ಎನ್ನುವುದು ಮಾತ್ರ ನನಗೆ ಗೊತ್ತಿರಲಿಲ್ಲ.

ಆಮೇಲೆ ಬಾಟಲಿ ನೆನಪಾಯಿತು. ನನಗೆ ಕಾಫಿ. ಸೈಮಿಯಮ್ಮನಿಗೆ ಜಗಲಿಯಿಂದ ತಂದ, ಸಕ್ಕರೆ ಜಾಸ್ತಿ ಹಾಕಿದ ಕಲ್ಯಾ.

"ತೆಲ್ಲೆರ್ವೋ? ಲೈನಲ್ಲಿದ್ದೀಯಾ?"

"ಮುದುಕಿ ಡಾಕ್ಟ್ರೇ. ಸಣ್ಣ ಮೈ. ದಿನಗಟ್ಟಲೆ ಊಟ ಇಲ್ಲ, ನೀರಿಲ್ಲ. ಅವರಿಗೆ ಅದನ್ನ ಒಟ್ಟಿಗೇ ಕುಡಿಸಿದ್ರೆ?"

"ಆಂಬುಲೆನ್ಸ್ ಕಳಿಸ್ತೀನಿ," ಎಂದರು ಕೈಪೈನೆನ್.

ದಿಬ್ಬ ಹತ್ತಿ ಓಡಿದೆ. ಎರಡು ಸಲ ಬಿದ್ದೆ. ಅವನ ಲೆಕ್ಕಾಚಾರ ಓಡುತ್ತಲೇ ಅರ್ಥವಾಯಿತು. ಗಂಡನಿಗೆ ಮಾತ್ರೆ ಕೊಟ್ಟೆ ಎಂದು ಒಪ್ಪಿಕೊಂಡ ಹೆಂಗಸು, ಜೈಲಿಗೆ ಹೋಗುವ ಹಿಂದಿನ ದಿನ ತಾನೂ ಮಾತ್ರೆ ನುಂಗಿ ಸತ್ತಳು ಎಂದರೆ ಯಾರು ತಾನೆ ಇನ್ನೊಂದು ಪ್ರಶ್ನೆ ಕೇಳುತ್ತಾರೆ? ಕುಡಿಸಿದ ಕೈ ಮಾತ್ರ ನನ್ನದು.

ಅಡಿಗೆಮನೆಯಲ್ಲಿ ಸೈಮಿಯಮ್ಮ ಇರಲಿಲ್ಲ. ಮೇಜು ಒರೆಸಿತ್ತು. ಬಾಟಲಿಯೂ ಇರಲಿಲ್ಲ.

ಬಚ್ಚಲ ಬಾಗಿಲು ತೆರೆಯಿತು. ಗೋಡೆ ಹಿಡಿದುಕೊಂಡು ನಿಧಾನವಾಗಿ ಬಂದರು.

"ಏನೋ ಕಣಮ್ಮ, ಹೋಗ್ತಾನೇ ಇದ್ದೀನಿ. ನೀನು ದಂಡೆಗೆ ಹೋದಾಗಿಂದ ಇದೇ ಆಯ್ತು."

"ಬಾಟಲಿ ಎಲ್ಲಿ ಸೈಮಿಯಮ್ಮ?"

"ಕುಡಿದೆ. ಪೂರ್ತಿ. ನೀನೇ ತಾನೆ ಕುಡಿ ಅಂದಿದ್ದು?"

"ಖಾಲಿ ಬಾಟಲಿ ಎಲ್ಲಿದೆ?"

ಅವರು ಸಿಂಕಿನ ಮೇಲಿನ ಕಪಾಟು ತೋರಿಸಿದರು. ಪಾತ್ರೆ ಒಣಗಿಸಲೆಂದು ಪ್ರತಿ ಮನೆಯಲ್ಲೂ ಇರುವ ಕಪಾಟು. ಲೋಟದ ಪಕ್ಕ ಬಾಟಲಿಯನ್ನು ತಲೆಕೆಳಗಾಗಿ ನಿಲ್ಲಿಸಿದ್ದರು. ಬಿಸಿನೀರಿನಲ್ಲಿ ತಿಕ್ಕಿ ತೊಳೆದ ಗಾಜು ಫಳಫಳ ಹೊಳೆಯುತ್ತಿತ್ತು.

"ಬೇರೆ ಮನೆ ಬಾಟಲಿ," ಎಂದರು. "ತೊಳೀದೆ ವಾಪಸ್ ಕೊಡೋಕಾಗುತ್ತಾ?"

ರೌನೋ ವಿರುದ್ಧ ನನ್ನ ಹತ್ತಿರ ಇದ್ದ ಸಾಕ್ಷಿ ಆ ಕಲ್ಯಾ ಒಂದೇ. ಅದೀಗ ಸೈಮಿಯಮ್ಮನ ಮೈಯೊಳಗೆ ಮಾತ್ರ ಇತ್ತು. ಅವರ ಕೈ ಹಿಡಿದೆ. ನಾಡಿ ಬೆರಳಿಗೆ ಸಿಗುತ್ತಿತ್ತು, ತಪ್ಪುತ್ತಿತ್ತು, ಮತ್ತೆ ಸಿಗುತ್ತಿತ್ತು.

ಅವರು ಮೆಲ್ಲಗೆ ಕೈ ಬಿಡಿಸಿಕೊಂಡರು. ಕುರ್ಚಿ ಎಳೆದುಕೊಂಡು ಕೂತು ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡರು.

"ಯಾಕೋ ತುಂಬ ಬಾಯಾರಿಕೆ ಆಗ್ತಿದೆ ಕಣಮ್ಮ," ಎಂದರು. "ರೌನೋ ಹತ್ರ ಇನ್ನೊಂದು ಬಾಟಲಿ ಇರುತ್ತಾ?"